ಸೊಂಟಕ್ಕೊಂದು ಪಟ್ಟಿ

ಗೆದ್ದು ತಂದ ಬಿರುದು ಬೇರೆ, ಗುರು ಕೊಟ್ಟ ಪದವಿ ಬೇರೆ. ನಮ್ಮ ಮೈಸೂರಿನ ದಸರಾ ಕುಸ್ತಿಯಲ್ಲಿ 'ದಸರಾ ಕಂಠೀರವ', 'ದಸರಾ ಕೇಸರಿ' ಎಂಬ ಬಿರುದುಗಳಿವೆಯಲ್ಲ, ಅವನ್ನು ಯಾವ ಉಸ್ತಾದರೂ ತಮ್ಮ ಶಿಷ್ಯನಿಗೆ ಪ್ರೀತಿಯಿಂದ ಕರೆದು ಕೊಡುವಂತಿಲ್ಲ. ಅಖಾಡಕ್ಕಿಳಿದು, ಎದುರು ನಿಂತವನನ್ನು ಸೋಲಿಸಿಯೇ ತರಬೇಕು. ಗರಡಿ ಮನೆಯಲ್ಲಿ ಎಷ್ಟು ವರ್ಷ ಮಣ್ಣು ತುಳಿದೆ, ಎಷ್ಟು ಸಾಮು ಮಾಡಿದೆ ಎಂದು ಅಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ.

ಜಪಾನಿನಿಂದ ಬ್ರೆಜಿಲಿಗೆ ಹೋಗಿ, ಅಲ್ಲಿಂದ ಲೋಕಕ್ಕೆಲ್ಲ ಹರಡಿದ ಜಿಯು-ಜಿತ್ಸು ಎಂಬ ವಿದ್ಯೆಯ ಕ್ರಮ ಇದಲ್ಲ. ಅಲ್ಲಿ ಗುರುವೇ ಶಿಷ್ಯನ ಸೊಂಟಕ್ಕೆ ಬಣ್ಣದ ಬೆಲ್ಟು ಕಟ್ಟುತ್ತಾನೆ. ಮೊದಲು ಬಿಳಿ, ಆಮೇಲೆ ನೀಲಿ, ನೇರಳೆ, ಕಂದು, ಕೊನೆಗೆ ಕಪ್ಪು. ಈ ಆಟದ ದೊಡ್ಡ ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಂತೆ ಸಾಮಾನ್ಯವಾಗಿ ನೀಲಿಯಲ್ಲಿ ಕನಿಷ್ಠ 2 ವರ್ಷ, ನೇರಳೆಯಲ್ಲಿ ಒಂದೂವರೆ ವರ್ಷ, ಕಂದಿನಲ್ಲಿ 1 ವರ್ಷ ಕಾಯಬೇಕು. 19ರ ವಯಸ್ಸಿಗೆ ಮೊದಲು ಕಪ್ಪು ಇಲ್ಲ. ಇದು ಕಾಗದದ ಮೇಲಿನ ಲೆಕ್ಕ. ನಿಜದಲ್ಲಿ ಕಪ್ಪು ಬೆಲ್ಟು ಕಟ್ಟಿಸಿಕೊಳ್ಳುವಷ್ಟರಲ್ಲಿ ಹೆಚ್ಚಿನವರಿಗೆ ಹತ್ತು ವರ್ಷ ಕಳೆದಿರುತ್ತದೆ. ನಮ್ಮಲ್ಲಿ ಸಂಗೀತಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಎಂದು ಸರ್ಕಾರದ ಪರೀಕ್ಷೆಗಳಿರುವಂತೆ ಇಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇಲ್ಲ. ಗುರುವಿನ ಕಣ್ಣೇ ಪರೀಕ್ಷೆ, ಗುರುವಿನ ಮನಸ್ಸೇ ಫಲಿತಾಂಶ.

ಐವತ್ತು ದಾಟಿದ ಹೆಂಗಸಿಗೆ ಈ ಹೊಡೆದಾಟದ ಗೊಡವೆ ಏಕೆ ಎಂದು ನಿಮಗೆ ಅನ್ನಿಸಬಹುದು. ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಆರು ವರ್ಷದಿಂದ ಸಂಜೆ ಆಫೀಸು ಬಿಟ್ಟ ಮೇಲೆ ಈ ವಿದ್ಯೆ ಕಲಿಯುತ್ತಿದ್ದಾಳೆ. ಅವಳಿಗೆ ನೀಲಿ ಬೆಲ್ಟು ಬಂದು ನಾಲ್ಕು ವರ್ಷವಾಯಿತು. ಅವಳಿಗಿಂತ ಒಂದು ವರ್ಷ ತಡವಾಗಿ ಸೇರಿದ ಇಬ್ಬರು ಹುಡುಗರಿಗೆ ನೇರಳೆ ಕಟ್ಟಿದರು, ಇವಳಿಗೆ ಇಲ್ಲ. ಧೈರ್ಯ ಮಾಡಿ ಕೇಳಿದ್ದಕ್ಕೆ ಅವಳ ಗುರುಗಳು, "ಬೆಲ್ಟಿನ ಮೇಲೆ ಯಾಕಮ್ಮ ಇಷ್ಟು ಮೋಹ? ನಿಜವಾದ ಕಾದಾಟದಲ್ಲಿ ಬೆಲ್ಟು ಯಾರು ನೋಡ್ತಾರೆ?" ಎಂದರಂತೆ. ತಂಗಿಯೂ ಅದನ್ನೇ ಹೇಳಿದಳು: "ಗುರುಗಳು ಹೇಳಿದ್ದು ಸರಿಯಾಗೇ ಇದೆ ಬಿಡೆ. ಕಲಿತ ವಿದ್ಯೆ ನಿನ್ನ ಹತ್ರಾನೇ ಇದೆಯಲ್ಲ, ಅದನ್ನ ಯಾರಾದ್ರೂ ಕಿತ್ಕೋತಾರಾ?" ಹುಡುಗಿ ನನ್ನ ಕಡೆ ತಿರುಗಿ, "ನೀನೇ ಹೇಳು ದೊಡ್ಡಮ್ಮ" ಎಂದಳು. ತಕ್ಷಣ ಹೇಳಿಬಿಡುವ ಮಾತಾಗಿರಲಿಲ್ಲ ಅದು. ಮೊದಲು ಅವಳ ಗುರುಗಳ ಮಾತು ಎಷ್ಟರ ಮಟ್ಟಿಗೆ ನಿಜ ಎಂದು ನೋಡಬೇಕಲ್ಲವೇ?

ಬೆಲ್ಟು ಹುಟ್ಟಿದ್ದು ಜೂಡೊ ಮನೆಯಲ್ಲಿ. ಜಿಗೊರೊ ಕಾನೊ ಎಂಬ ಶಿಕ್ಷಕ 1882ರಲ್ಲಿ ಟೋಕಿಯೋದ ಒಂದು ದೇವಾಲಯದಲ್ಲಿ ಕೊಡೊಕಾನ್ ಎಂಬ ಜೂಡೊ ಶಾಲೆ ತೆರೆದ. ಮಾರನೆಯ ವರ್ಷ ತನ್ನ ಇಬ್ಬರು ಶಿಷ್ಯರಿಗೆ 'ದಾನ್' ಎಂಬ ದರ್ಜೆ ಕೊಟ್ಟ. ಕೆಲವು ವರ್ಷಗಳಲ್ಲಿ ಆ ದರ್ಜೆಯವರು ಕಪ್ಪು ಬೆಲ್ಟು ಕಟ್ಟುವ ರೂಢಿ ಬಂತು. ನಡುವಿನ ಬಣ್ಣಗಳು ಬಹಳ ಮಟ್ಟಿಗೆ ಮುಂದೆ ಯುರೋಪಿನಲ್ಲಿ ಸೇರಿಕೊಂಡವು. ಕಾನೊನ ಶಾಲೆಯಲ್ಲಿ ಕಲಿತ ಮಿತ್ಸುಯೊ ಮಯೇದಾ 1914ರಲ್ಲಿ ಬ್ರೆಜಿಲಿಗೆ ಹೋದ. ಅವನಿಂದ ಕಾರ್ಲೋಸ್ ಗ್ರೇಸಿ ಕಲಿತ, ಕಾರ್ಲೋಸನಿಂದ ಅವನ ತಮ್ಮಂದಿರು. ಅವರಲ್ಲಿ ಬಡಕಲು ಮೈಯ ಹೇಲಿಯೊ, ಬಲವಿಲ್ಲದವನೂ ನೆಲದ ಮೇಲೆ ಮಲಗಿಕೊಂಡೇ ಬಲಶಾಲಿಯನ್ನು ಕಟ್ಟಿಹಾಕುವ ಪಟ್ಟುಗಳನ್ನು ತಿದ್ದಿ ತೀಡಿ ಬೆಳೆಸಿದ.

ಈ ವಿದ್ಯೆ ಲೋಕಪ್ರಸಿದ್ಧವಾದದ್ದು 1993ರ ನವೆಂಬರ್ 12ರಂದು. ಅಮೆರಿಕದ ಡೆನ್ವರ್ ನಗರದಲ್ಲಿ ಯು.ಎಫ್.ಸಿ. ಎಂಬ ಹೆಸರಿನಲ್ಲಿ ಬಾಕ್ಸಿಂಗಿನವರು, ಕರಾಟೆಯವರು, ಕುಸ್ತಿಯವರು ಎಲ್ಲರನ್ನೂ ಒಂದೇ ಬಲೆಯೊಳಗೆ ಬಿಟ್ಟು ಯಾವ ವಿದ್ಯೆ ಮೇಲು ಎಂದು ನೋಡುವ ಪಂದ್ಯ ಏರ್ಪಾಡಾಯಿತು. ಹೇಲಿಯೊನ ಮಗ ರಾಯ್ಸ್ ಗ್ರೇಸಿ, ಅಲ್ಲಿದ್ದವರಲ್ಲಿ ಸಣ್ಣ ಆಳು, ಬಿಳಿ ಅಂಗಿ ತೊಟ್ಟು, ಕಪ್ಪು ಬೆಲ್ಟು ಬಿಗಿದು ಬಂದ. ಒಂದೇ ರಾತ್ರಿ ಮೂವರನ್ನು ಸೋಲಿಸಿ ಗೆದ್ದ. ಮಿಶ್ರ ಸಮರಕಲೆ, ಅಂದರೆ ಹುಡುಗರು ಎಂ.ಎಂ.ಎ. ಎನ್ನುವ ಆಟ, ಇಷ್ಟು ಬೆಳೆದದ್ದು ಅಲ್ಲಿಂದ. ಕಪ್ಪು ಬೆಲ್ಟು ಎಂದರೆ ಸೋಲಿಲ್ಲದವನು ಎಂದು ಜನ ನಂಬಿದ್ದೂ ಅಲ್ಲಿಂದಲೇ.

ಆದರೆ ಅಂದು ಗೆದ್ದದ್ದು ಬೆಲ್ಟೇ? ಕೊಂಚ ಯೋಚಿಸಿದರೆ ಹಾಗಲ್ಲವೆಂದು ತಿಳಿಯುತ್ತದೆ. ರಾಯ್ಸನಿಗೆ ತಿಳಿದಿದ್ದ ವಿದ್ಯೆ ಎದುರಿಗಿದ್ದವರಿಗೆ ತಿಳಿದಿರಲಿಲ್ಲ, ಅಥವಾ ಅವನಷ್ಟು ತಿಳಿದಿರಲಿಲ್ಲ. ನೆಲಕ್ಕೆ ಬಿದ್ದ ಮೇಲೆ ಅವರು ನೀರಿಗೆ ಬಿದ್ದ ಈಜು ಬಾರದವರಂತೆ ಆದರು. ಗುಟ್ಟು ಬಯಲಾದ ಮೇಲೆ ಎಲ್ಲರೂ ಈಜು ಕಲಿತರು. 2000ದ ಮೇ 1ರಂದು ಟೋಕಿಯೋದಲ್ಲಿ ಇದೇ ರಾಯ್ಸನ ಎದುರು ಕಜುಷಿ ಸಕುರಾಬಾ ನಿಂತ. ಅವನು ಕುಸ್ತಿಯಿಂದ ಬಂದವನು. ಜಿಯು-ಜಿತ್ಸುವಿನ ಯಾವ ಬೆಲ್ಟಿನಿಂದಲೂ ಹೆಸರಾದವನಲ್ಲ. ಕಾಲು ಗಂಟೆಯ ಆರು ಸುತ್ತು, ಅಂದರೆ 90 ನಿಮಿಷ ಕಾದಾಡಿದ ಮೇಲೆ ರಾಯ್ಸನ ಕಡೆಯವರೇ ಸೋಲೊಪ್ಪಿ ಟವೆಲ್ ಎಸೆದರು. ಒಂದೂವರೆ ವರ್ಷದೊಳಗೆ ಅದೇ ಮನೆತನದ ನಾಲ್ವರನ್ನು ಸಕುರಾಬಾ ಸೋಲಿಸಿದ. ಇತ್ತೀಚಿನ ಮಾತು ಬೇಕೆಂದರೆ, 2019ರ ಸೆಪ್ಟೆಂಬರಿನಲ್ಲಿ ಅಬುಧಾಬಿಯಲ್ಲಿ ಜಿಯು-ಜಿತ್ಸುವಿನ ಕಪ್ಪು ಬೆಲ್ಟಿನ ಡಸ್ಟಿನ್ ಪೊರಿಯೆಯನ್ನು ರಷ್ಯದ ಸಾಂಬೊ ಕಲಿತ ಖಬೀಬ್ ನುರ್ಮಗೊಮೆದೊವ್ ಕತ್ತು ಅಮುಕಿ ಸೋಲಿಸಿದ. ಅದು ಜಿಯು-ಜಿತ್ಸುವಿನವರು ನಿತ್ಯ ಅಭ್ಯಾಸ ಮಾಡುವ ಪಟ್ಟೇ!

ಕಾರಣ ಹುಡುಕಿದರೆ ಕಷ್ಟವಿಲ್ಲ. ಬೆಲ್ಟಿನ ವಿದ್ಯೆ ಬಹಳ ಮಟ್ಟಿಗೆ ಅಂಗಿಯ ವಿದ್ಯೆ. ದಪ್ಪ ಬಟ್ಟೆಯ ಕೊರಳಪಟ್ಟಿ, ತೋಳು ಹಿಡಿದು ಎಳೆಯುವುದು, ಅದರಿಂದಲೇ ಕತ್ತು ಬಿಗಿಯುವುದು ಅದರ ಅರ್ಧ ಜೀವಾಳ. ಈಗಿನ ಎಂ.ಎಂ.ಎ. ನಿಯಮದಲ್ಲಿ ಆ ಅಂಗಿ ತೊಡುವಂತಿಲ್ಲ; ಅಂಗಿಯಿಲ್ಲವೆಂದ ಮೇಲೆ ಬೆಲ್ಟನ್ನು ಕಟ್ಟುವುದಾದರೂ ಎಲ್ಲಿಗೆ? ಬೆವರಿದ ಮೈ ಮೀನಿನಂತೆ ಜಾರುತ್ತದೆ. ಶಾಲೆಯಲ್ಲಿ ಬೆನ್ನ ಮೇಲೆ ಮಲಗಿ ನೆಮ್ಮದಿಯಾಗಿ ಪಟ್ಟು ಹೆಣೆಯುತ್ತಿದ್ದವನಿಗೆ ಇಲ್ಲಿ ಮೇಲಿನಿಂದ ಮುಖಕ್ಕೆ ಗುದ್ದು ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎದುರಾಳಿಯನ್ನು ನೆಲಕ್ಕೆ ಕೆಡವಿದರೆ ತಾನೇ ಈ ವಿದ್ಯೆ ಶುರುವಾಗುವುದು? ಬ್ರೆಜಿಲಿನ ಡೆಮಿಯನ್ ಮಾಯಾ ನೆಲದ ವಿದ್ಯೆಯಲ್ಲಿ ಲೋಕವೇ ಒಪ್ಪಿದ ಪಂಡಿತ. 2017ರ ಜುಲೈನಲ್ಲಿ ಟೈರನ್ ವುಡ್ಲಿಯ ಎದುರು 25 ನಿಮಿಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಕೆಡವಲು ನೋಡಿದ; ಒಮ್ಮೆಯೂ ಆಗಲಿಲ್ಲ. ಪೆಟ್ಟಿಗೆ ತುಂಬ ಒಡವೆಯಿದ್ದು ಬೀಗದ ಕೈ ಸಿಗದ ಹಾಗೆ.

ಹಾಗಾದರೆ ಪುಸ್ತಕದ ಬದನೆಕಾಯಿ ಸಾರಿಗೆ ಬಾರದು ಎಂದು ಕೈ ತೊಳೆದುಕೊಳ್ಳೋಣವೇ? ಅದೂ ಸರಿಯಲ್ಲ. ಉತ್ತರಪ್ರದೇಶದ ಪೂಜಾ ತೋಮರ್ ವುಶು ಕಲಿತವಳು. 2024ರ ಜೂನ್ 8ರಂದು ಯು.ಎಫ್.ಸಿ.ಯಲ್ಲಿ ಗೆದ್ದ ಮೊದಲ ಭಾರತೀಯಳಾದಾಗ ಅವಳ ಬೆಲ್ಟಿನ ಬಣ್ಣ ಯಾರೂ ಕೇಳಲಿಲ್ಲ. ಆದರೆ 2025ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಐರ್ಲೆಂಡಿನ ಶೌನಾ ಬ್ಯಾನನ್ ಅವಳನ್ನು ಸೋಲಿಸಿದ್ದು ನೆಲದ ಮೇಲೆ, ತೋಳು ಸಿಕ್ಕಿಸಿ ಎಳೆಯುವ ಪಟ್ಟಿನಿಂದ. ಬೆಲ್ಟು ಬೇಡದಿದ್ದರೂ ಬೆಲ್ಟು ಯಾವುದರ ಗುರುತೋ ಆ ವಿದ್ಯೆ ಬೇಕೇ ಬೇಕು. ಮೆಕೆಂಜಿ ಡರ್ನ್ ಎಂಬಾಕೆ ಹತ್ತೊಂಬತ್ತರಲ್ಲೇ ತನ್ನ ತಂದೆಯಿಂದ ಕಪ್ಪು ಬೆಲ್ಟು ಪಡೆದವಳು, ಜಿಯು-ಜಿತ್ಸುವಿನಲ್ಲಿ ವಿಶ್ವ ಚಾಂಪಿಯನ್ ಆದವಳು. 2016ರಲ್ಲಿ ಎಂ.ಎಂ.ಎ.ಗೆ ಇಳಿದ ಅವಳು 2022ರಲ್ಲಿ ಚೀನಾದ ಯಾನ್ ಷಿಯಾವೊನಾನ್‌ಗೆ ಸೋತಳು. ಷಿಯಾವೊನಾನ್ ಬಂದದ್ದು ಗುದ್ದು-ಒದೆತದ ಹಾದಿಯಿಂದ. ಡರ್ನ್‌ಗೆ ಪಟ್ಟ ಸಿಕ್ಕಿದ್ದು 2025ರ ಅಕ್ಟೋಬರಿನಲ್ಲಿ, ಒಂಬತ್ತು ವರ್ಷದ ಮೇಲೆ. ಅಂದು ಎದುರಿಗಿದ್ದ ವಿರ್ನಾ ಜಂದಿರೋಬಾ ಕೂಡ ಕಪ್ಪು ಬೆಲ್ಟಿನವಳೇ. ಇಬ್ಬರಿಗೂ ಒಂದೇ ಬಣ್ಣ. ಯಾರೂ ಯಾರನ್ನೂ ಪಟ್ಟಿನಿಂದ ಶರಣಾಗಿಸಲಾಗದೆ ಐದು ಸುತ್ತು ಮುಗಿದು ತೀರ್ಪುಗಾರರೇ ಹೇಳಬೇಕಾಯಿತು. ಇಬ್ಬರ ಹತ್ತಿರವೂ ಇರುವ ವಸ್ತು ಇಬ್ಬರಲ್ಲಿ ಯಾರು ಮೇಲು ಎಂದು ಹೇಳಲಾರದು.

ಅಲ್ಲಿಗೆ ಗುರುಗಳ ಮಾತಿನ ಅರ್ಧ ನಿಜವೆಂದು ಒಪ್ಪಿದಂತಾಯಿತು. ಕಾದಾಟದಲ್ಲಿ ಗೆಲ್ಲುವವರು ಯಾರೆಂದು ಬೆಲ್ಟು ಹೇಳುವುದಿಲ್ಲ. ರಾಯ್ಸ್ ಗ್ರೇಸಿಯೇ ಹೇಳಿದ್ದೆಂದು ಆ ವಿದ್ಯೆಯವರ ನಡುವೆ ಓಡಾಡುವ ಒಂದು ತಮಾಷೆಯ ಮಾತಿದೆ: ಬೆಲ್ಟು ಹಿಂಬದಿಯ ಎರಡು ಅಂಗುಲ ಮಾತ್ರ ಮುಚ್ಚುತ್ತದೆ, ಮಿಕ್ಕದ್ದನ್ನು ನೀನೇ ಮುಚ್ಚಿಕೊಳ್ಳಬೇಕು ಎಂದು.

ಆದರೆ ಬೆಲ್ಟು ಏನನ್ನೂ ಹೇಳುವುದಿಲ್ಲ ಎಂದಾಗುತ್ತದೆಯೇ? ಅಭ್ಯಾಸದ ಮನೆಯಲ್ಲಿ ಏನು ನಡೆಯುತ್ತದೆಂದು ಹುಡುಗಿಯನ್ನು ಕೇಳಿದೆ. ಅವಳು ಹೇಳಿದ್ದು ನನಗೆ ಹೊಸದು. ದಿನಾ ಸಂಜೆ ಒಬ್ಬರು ಇನ್ನೊಬ್ಬರ ಕತ್ತು ಅಮುಕುತ್ತಾರೆ, ತೋಳು ಮುರಿಯುವ ಅಂಚಿಗೆ ತರುತ್ತಾರೆ. ಸಾಕು ಎನಿಸಿದವರು ಕೈಯಿಂದ ಮೆಲ್ಲಗೆ ತಟ್ಟುತ್ತಾರೆ, ತಟ್ಟಿದೊಡನೆ ಬಿಟ್ಟುಬಿಡಬೇಕು. ಆ ವಿದ್ಯೆಯೆಲ್ಲ ನಿಂತಿರುವುದು ಆ ತಟ್ಟಿನ ಮೇಲೆ. "ಹೊಸ ಬಿಳಿ ಬೆಲ್ಟಿನೋರ ಜೊತೆ ಆಡೋಕೇ ಭಯ ದೊಡ್ಡಮ್ಮ. ಅವರಿಗೆ ಎಲ್ಲಿ ಬಿಡಬೇಕು ಅಂತಲೇ ಗೊತ್ತಿರಲ್ಲ. ಕಪ್ಪು ಬೆಲ್ಟಿನೋರಿಗೆ ಕತ್ತು ಕೊಟ್ಟರೂ ಭಯವಿಲ್ಲ" ಎಂದಳು.

ನನಗೆ ಅರ್ಥ ಹೊಳೆದದ್ದು ಅಲ್ಲಿ. ಬೆಲ್ಟು ಉತ್ತರ ಕೊಡುವುದು 'ಇವನು ಯಾರನ್ನು ಸೋಲಿಸಬಲ್ಲ?' ಎಂಬ ಪ್ರಶ್ನೆಗಲ್ಲ. 'ಇವನ ಕೈಗೆ ನನ್ನ ಕತ್ತು ಕೊಡಬಹುದೇ? ಇವನು ಇನ್ನೊಬ್ಬರಿಗೆ ಕಲಿಸಬಹುದೇ?' ಎಂಬ ಪ್ರಶ್ನೆಗೆ. ಅದು ಗೆಲುವಿನ ರಸೀದಿಯಲ್ಲ. ಹತ್ತಾರು ವರ್ಷ ಕಣ್ಣಾರೆ ಕಂಡವರೊಬ್ಬರು 'ಇವಳು ಇಷ್ಟು ಬಲ್ಲಳು, ಇವಳನ್ನು ನಂಬಿ' ಎಂದು ನಾಲ್ಕು ಜನರೆದುರು ನುಡಿಯುವ ಸಾಕ್ಷಿ. ಸೇರಿನಲ್ಲಿ ಬಟ್ಟೆ ಅಳೆಯಲಾಗುವುದಿಲ್ಲವೆಂದು ಸೇರನ್ನೇ ಬಿಸಾಡುತ್ತೇವೆಯೇ? ಎಂ.ಎಂ.ಎ. ಪಂದ್ಯದ ಅಳತೆ ಹಿಡಿದು ಬೆಲ್ಟಿಗೆ ಬೆಲೆಯಿಲ್ಲ ಎನ್ನುವುದೂ ಅಂಥದೇ. ನಮ್ಮ ಹುಡುಗಿ ಕೇಳಿದ್ದು 'ನಾನು ಪಂದ್ಯ ಗೆಲ್ಲುವೆನೇ?' ಎಂದಲ್ಲ. ಅವಳು ಕೇಳಿದ್ದು ಸಾಕ್ಷಿ. ಅದಕ್ಕೆ ಸಿಕ್ಕಿದ ಉತ್ತರ ಬೇರೆ ಯಾವುದೋ ಪ್ರಶ್ನೆಯದು.

ಈ ಸಾಕ್ಷಿಯನ್ನು ತಡೆಹಿಡಿದರೆ ಏನಾಗುತ್ತದೆಂಬುದಕ್ಕೆ ಒಂದು ಬದುಕೇ ಇದೆ. ಕೇಕೊ ಫುಕುದಾ ಹುಟ್ಟಿದ್ದು 1913ರಲ್ಲಿ. ಅವಳ ಅಜ್ಜ ಕಾನೊಗೆ ಜುಜುತ್ಸು ಕಲಿಸಿದವರು. ಆ ಋಣಕ್ಕೆಂದೋ ಏನೋ, ಕಾನೊ ತಾನೇ ಅವಳನ್ನು ಶಾಲೆಗೆ ಆಹ್ವಾನಿಸಿದ. 1935ರಲ್ಲಿ ಅವಳು ಕಲಿಯತೊಡಗಿದಳು. ಐದು ಅಡಿಯೂ ಇಲ್ಲದ ಹೆಂಗಸು. ಮದುವೆಯೋ ಜೂಡೊವೋ ಎಂಬ ಮಾತು ಬಂದಾಗ ಜೂಡೊವನ್ನೇ ಆರಿಸಿಕೊಂಡಳು. 1953ರಲ್ಲಿ ಅವಳಿಗೆ ಐದನೆಯ ದಾನ್ ಬಂತು. ಅಲ್ಲಿಗೆ ನಿಂತಿತು. ಹೆಂಗಸರಿಗೆ ಐದರ ಮೇಲೆ ಇಲ್ಲ ಎಂಬುದು ಕೊಡೊಕಾನಿನ ಕಟ್ಟಳೆ. ಹೆಂಗಸರ ಕಪ್ಪು ಬೆಲ್ಟಿನ ನಡುವೆ ಉದ್ದಕ್ಕೂ ಒಂದು ಬಿಳಿ ಗೆರೆ ಬೇರೆ. ಇದು ಹೆಣ್ಣಿನ ಕಪ್ಪು ಎಂದು ದೂರದಿಂದಲೇ ತಿಳಿಯಬೇಕಲ್ಲ! ಅವಳಿಗಿಂತ ಎಷ್ಟೋ ಕಿರಿಯ ಗಂಡಸರು ಅವಳನ್ನು ದಾಟಿಕೊಂಡು ಮೇಲೆ ಹೋದರು. ಪ್ರತಿಭಟನೆಯ ದನಿಗಳು ಎದ್ದ ಮೇಲೆ, 1972ರಲ್ಲಿ ಆರನೆಯ ದಾನ್ ಕೊಟ್ಟರು. ನಡುವೆ 19 ವರ್ಷ. ಕೊಡೊಕಾನ್ ಅವಳಿಗೆ ಒಂಬತ್ತನೆಯದನ್ನು ಕೊಟ್ಟದ್ದು 2006ರಲ್ಲಿ, ಅವಳಿಗೆ ತೊಂಬತ್ತು ದಾಟಿದ ಮೇಲೆ. ಹತ್ತನೆಯದು 2011ರಲ್ಲಿ ಅಮೆರಿಕದ ಜೂಡೊ ಸಂಸ್ಥೆಯಿಂದ ಬಂತು. 2013ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡಾಗ ಅವಳು 99ರ ಮುದುಕಿ.

ಆ 19 ವರ್ಷವೂ ಅವಳ ವಿದ್ಯೆ ಅವಳ ಹತ್ತಿರವೇ ಇತ್ತು, ಯಾರೂ ಕಿತ್ತುಕೊಂಡಿರಲಿಲ್ಲ, ನಿಜ. ಆದರೆ ಹೆಣ್ಣಿನ ವಿದ್ಯೆಗೆ ಐದೇ ಮೆಟ್ಟಿಲು ಎಂದು ಅಷ್ಟೂ ವರ್ಷ ಲೋಕಕ್ಕೆ ಸಾರಿದಂತಾಯಿತಲ್ಲ, ಆ ನಷ್ಟ ಅವಳೊಬ್ಬಳದೇ? ಹಿಂದೆ ಬರುವ ಪ್ರತಿ ಹುಡುಗಿಯೂ ಆ ಐದನೆಯ ಮೆಟ್ಟಿಲನ್ನೇ ಮಾಳಿಗೆ ಎಂದುಕೊಂಡಿರುತ್ತಾಳೆ.

ಇನ್ನೊಬ್ಬಳಿದ್ದಳು, ನ್ಯೂಯಾರ್ಕಿನ ರಸ್ಟಿ ಕನೋಕೊಗಿ. 1959ರಲ್ಲಿ ಕೂದಲು ಮೋಟು ಮಾಡಿ, ಎದೆಗೆ ಬಟ್ಟೆ ಬಿಗಿದು, ಗಂಡಿನಂತೆ ವೈ.ಎಂ.ಸಿ.ಎ. ಜೂಡೊ ಪಂದ್ಯದಲ್ಲಿ ಆಡಿ ಗೆದ್ದಳು. ಹೆಣ್ಣೆಂದು ತಿಳಿದ ಮೇಲೆ ಪದಕ ವಾಪಸು ಕೊಡಬೇಕಾಯಿತು. ಗೆಲುವು ಅವಳದೇ ಆಗಿತ್ತು, ಪದಕ ಆಗಲಿಲ್ಲ. ಅವಳು ಹಟ ಹಿಡಿದು 1980ರಲ್ಲಿ ಹೆಂಗಸರ ಮೊದಲ ವಿಶ್ವ ಜೂಡೊ ಪಂದ್ಯವನ್ನು ನ್ಯೂಯಾರ್ಕಿನಲ್ಲೇ ನಡೆಸಿದಳು. 1992ರ ಒಲಿಂಪಿಕ್ಸಿನಲ್ಲಿ ಹೆಂಗಸರ ಜೂಡೊಗೂ ಪದಕ ಬಂತು. 2008ರಲ್ಲಿ ಅದೇ ಪದಕವೊಂದನ್ನು ಗೆದ್ದ ಅಮೆರಿಕದ ಮೊದಲ ಹೆಣ್ಣು ರೊಂಡಾ ರೌಸಿ. 2013ರ ಫೆಬ್ರವರಿ 23ರಂದು ಯು.ಎಫ್.ಸಿ.ಯಲ್ಲಿ ಹೆಂಗಸರು ಮೊದಲ ಬಾರಿಗೆ ಕಾದಾಡಿದಾಗ ತೋಳಿನ ಪಟ್ಟಿನಿಂದ ಗೆದ್ದವಳೂ ಅವಳೇ. ಕನೋಕೊಗಿಗೆ ಪದಕವನ್ನು ಅದೇ ವೈ.ಎಂ.ಸಿ.ಎ. 2009ರಲ್ಲಿ ಕರೆದು ಕೊಟ್ಟಿತು. ಅದೇ ವರ್ಷ ನವೆಂಬರಿನಲ್ಲಿ ಆಕೆ ತೀರಿಕೊಂಡಳು. 50 ವರ್ಷದ ಮೇಲೆ ಆ ಲೋಹದ ಬಿಲ್ಲೆಯಿಂದ ಏನಾಗಬೇಕಿತ್ತು ಎಂದು ಕೇಳುವವರು ಕೇಳಲಿ. ನ್ಯಾಯ ತಡವಾಗಿ ಬಂದರೂ ಬಂದ ದಿನ ಅದಕ್ಕೆ ಒಂದು ಆಕಾರ ಬೇಕಾಗುತ್ತದೆ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. 'ಬೆಲ್ಟು ಮುಖ್ಯವಲ್ಲ' ಎಂದು ಯಾರು ಹೇಳುತ್ತಾರೆ ಎಂಬುದನ್ನು ಗಮನಿಸಿ. ಕಪ್ಪು ಬೆಲ್ಟು ಕಟ್ಟಿಕೊಂಡವನು ತನ್ನ ಬಗ್ಗೆ ಹೇಳಿಕೊಂಡರೆ ಅದು ವಿನಯ, ಚೆಂದದ ಮಾತು. ಹೇಲಿಯೊ ಗ್ರೇಸಿ ಕೆಂಪು ಬೆಲ್ಟಿನ ಅತಿ ದೊಡ್ಡ ದರ್ಜೆಗೆ ಏರಿದವನು. ಮುಪ್ಪಿನಲ್ಲಿ ಅದನ್ನು ಬಿಟ್ಟು ಹಳೆಯ ಕಾಲದ ಕಡುನೀಲಿ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದ. ಬಿಡಲು ಅವನ ಹತ್ತಿರ ಇತ್ತು, ಬಿಟ್ಟ. ಆದರೆ ಅದೇ ಮಾತನ್ನು ಬೆಲ್ಟು ಇನ್ನೂ ಸಿಗದವಳಿಗೆ, ಕೊಡುವ ಅಧಿಕಾರ ಕೈಯಲ್ಲಿಟ್ಟುಕೊಂಡವರು ಹೇಳಿದರೆ ಅದು ವಿನಯವಲ್ಲ. ಅಟ್ಟ ಹತ್ತಿದವರು ಏಣಿ ಎತ್ತಿಟ್ಟ ಹಾಗೆ. ಅಷ್ಟಕ್ಕೂ ಬೆಲ್ಟಿಗೆ ಬೆಲೆಯಿಲ್ಲದಿದ್ದರೆ ಆ ಇಬ್ಬರು ಹುಡುಗರಿಗೆ ಕಟ್ಟಿದ್ದಾದರೂ ಏಕೆ?

ಹುಡುಗಿಗೆ ನಾನು ಹೇಳಿದ್ದು ಇಷ್ಟು. "ಬೆಲ್ಟು ಕೊಡಿ ಅಂತ ಕೇಳಬೇಡ. 'ನನ್ನಲ್ಲಿ ಏನು ಕೊರತೆ ಇದೆ ಹೇಳಿ' ಅಂತ ಕೇಳು. ಅವರು ಇಂಥದ್ದು ಅಂತ ತೋರಿಸಿಕೊಟ್ಟರೆ ನಿಜವಾದ ಗುರುಗಳು, ಕಾಲು ಹಿಡಿದು ಕಲಿ. ಏನೂ ತೋರಿಸದೆ ಮೋಹ ಬಿಡು ಅಂತ ಮತ್ತೆ ವೇದಾಂತ ಹೇಳಿದರೆ, ಬೇರೆ ಮನೆ ಹುಡುಕಿಕೋ." ತಂಗಿಗೆ ಇದು ಪೂರ್ತಿ ಹಿಡಿಸಲಿಲ್ಲ. "ನೀನು ಅವಳಿಗೆ ಜಗಳ ಕಲಿಸ್ತಿದೀಯ ಅಕ್ಕ" ಎಂದಳು. ಕೊರತೆ ಏನೆಂದು ಕೇಳುವುದು ಜಗಳವಲ್ಲ. ಶಿಷ್ಯೆಗೆ ಇರುವ ಹಕ್ಕು ಅದು, ಬಹುಶಃ ಮೊದಲ ಹಕ್ಕು.

ಇಷ್ಟು ಹೇಳಿ, ನಮ್ಮ ಕಡೆಗೂ ಕೊಂಚ ನೋಡಿಕೊಳ್ಳೋಣ. ನಮ್ಮಲ್ಲಿ ಹಲವರ ಸೊಂಟಕ್ಕೆ ಯಾರೂ ಯಾವ ಪಟ್ಟಿಯನ್ನೂ ಕಟ್ಟಲಿಲ್ಲ. ಮೂವತ್ತು ವರ್ಷ ಮನೆ ತೂಗಿಸಿದವಳಿಗೆ ಬಣ್ಣ ಬದಲಾಗುವುದಿಲ್ಲ. ಮೊದಲ ದಿನದ ಬಿಳಿಯೇ ಕೊನೆಯ ದಿನಕ್ಕೂ. ಇದಕ್ಕೆ ನಾವು ಕಂಡುಕೊಂಡ ಸಮಾಧಾನವೇ 'ಮನ್ನಣೆ ಏಕೆ, ಮಾಡಿದ ಕೆಲಸ ಮಾತಾಡುತ್ತದೆ' ಎಂಬುದು. ನಮ್ಮ ಮಟ್ಟಿಗೆ ಅದು ಗಟ್ಟಿ ಮಾತೇ, ಎಷ್ಟೋ ಸಂಜೆ ನಮ್ಮನ್ನು ಕಾಪಾಡಿದ ಮಾತು. ಆದರೆ ಅದೇ ಸಮಾಧಾನವನ್ನು ಮಗಳ ಕೈಗೆ ಬಳುವಳಿಯಾಗಿ ಕೊಡುವ ಮುಂಚೆ ಎರಡು ಸಲ ಯೋಚಿಸಬೇಕು. ನಾವು ಕೇಳದೆ ಇದ್ದದ್ದನ್ನು ಅವಳೂ ಕೇಳಬಾರದು ಎಂಬುದು ಬುದ್ಧಿವಾದವಲ್ಲ.

ಅಖಾಡದಲ್ಲಿ ಬೆಲ್ಟು ಕೆಲಸಕ್ಕೆ ಬಾರದು. ಅಲ್ಲಿ ಅವರವರ ತೋಳು, ಉಸಿರು, ಆ ಹೊತ್ತಿನ ಬುದ್ಧಿ ಅಷ್ಟೇ. ಅಖಾಡದಿಂದ ಹೊರಗೆ ನಾವೆಲ್ಲ ಒಬ್ಬರ ಕತ್ತನ್ನು ಇನ್ನೊಬ್ಬರ ಕೈಗೆ ಕೊಟ್ಟುಕೊಂಡು ಬದುಕುವವರು. ಆ ಕೈಯನ್ನು ನಂಬಬಹುದು ಎಂದು ಬಲ್ಲವರು ಹೇಳುವ ಮಾತಿಗೆ ಬೆಲೆ ಇದ್ದೇ ಇದೆ. ಆ ಮಾತು ಯೋಗ್ಯರೆಲ್ಲರಿಗೂ ಸಿಗಬೇಕು, ಸಿಗುವಷ್ಟು ದಿನದಲ್ಲಿ ಸಿಗಬೇಕು. ತೊಂಬತ್ತು ದಾಟುವವರೆಗೆ ಕಾಯಲು ಎಲ್ಲರಿಗೂ ಆಯುಸ್ಸಿರುವುದಿಲ್ಲ.